ವರ್ಗಣಿ ಕೇಳುವವರು ಲೆಕ್ಕ ಕೊಡಲಿ

ಲೋಕಹಿತದ ಕೆಲಸಕ್ಕೆ ವರ್ಗಣಿ ಕೇಳಹೋದರೆ ಜನರು ಸಂಶಯದಿಂದ ನೋಡುವರೆಂದು ಕಾರ್ಯಕರ್ತರು ದೂರುತ್ತಿರುವರು. ಜನರನ್ನು ಕೃಪಣರೆಂದು ಹಳಿಯುವದು ಸುಲಭವು. ಆದರೆ 1921ರಲ್ಲಿ ಬೆಜವಾಡೆಯಲ್ಲಿ ಕೂಡಿದ ಕಾಂಗ್ರೆಸ್ ಸಮಿತಿಯು ತಿಲಕ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಬೇಡಿದಾಗ, ಮೂರೇ ತಿಂಗಳಲ್ಲಿ ಅದನ್ನು ತುಂಬಿಕೊಟ್ಟವರು ಈ ದೇಶದ ಜನರೇ ಅಲ್ಲವೇ?

ಪ್ರಾಮಾಣಿಕರನ್ನು ಲೆಕ್ಕ ಕೇಳುವದು ಅಪಮಾನವೆಂಬ ವಾದವನ್ನು ನಾವು ಒಪ್ಪೆವು. ಗಾಂಧೀಜಿಯವರಿಗಿಂತ ಪ್ರಾಮಾಣಿಕರಾರು? 1894ರಲ್ಲಿ ನೇಟಾಲ ಇಂಡಿಯನ್ ಕಾಂಗ್ರೆಸ್ಸನ್ನು ಸ್ಥಾಪಿಸಿದ ಕಾಲದಲ್ಲಿಯೇ ಅವರು ಪ್ರತಿಯೊಂದು ವರ್ಗಣಿಗೂ ಪಾವತಿ ಕೊಡಿಸಿ, ಪೈಪೈಗೂ ಲೆಕ್ಕವಿಡಿಸಿದರು. ಧರ್ಮನಿಧಿಯಲ್ಲಿ ಹಿತಸಂಬಂಧವುಳ್ಳವನು ಕೋರ್ಟಿಗೆ ಅರ್ಜಿ ಮಾಡಿ ಲೆಕ್ಕದ ತಪಾಸಣೆ ಮಾಡಿಸಬಹುದೆಂದು 1920ರ ಕಾಯಿದೆಯೇ ವಿಧಿಸಿತು.

ನೌಕರರ ಪಗಾರ, ಪ್ರವಾಸ, ಅಂಚೆಗಳಿಗೆ ಖರ್ಚಾಗುವದು ಪಾಪವಲ್ಲ. ಅದನ್ನು ಮರೆಮಾಚುವದು ಪಾಪವು. ಪರದೇಶದ ದೇಣಿಗೆಯಲ್ಲಿ ಆಡಳಿತದ ಖರ್ಚಿನ ಮಿತಿಯನ್ನು ಕೇಂದ್ರ ಸರಕಾರವು 2020ರಲ್ಲಿ ನೂರಕ್ಕೆ 50ರಿಂದ 20ಕ್ಕೆ ಇಳಿಸಿತು. ತಾವಾಗಿ ಲೆಕ್ಕ ಬಿಚ್ಚಿಡದವರ ಕೈಗಳನ್ನು ಸರಕಾರವು ಕಟ್ಟಹೊರಟರೆ ಪ್ರಾಮಾಣಿಕರ ಕೈಗಳೂ ಅದರೊಡನೆ ಕಟ್ಟಲ್ಪಡುವವು.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ವರ್ಷದ ಕೊನೆಗೆ ಜಮಾಖರ್ಚು ಪ್ರಕಟಿಸದ ಫಂಡಿಗೆ ಬಿಡಿಕಾಸನ್ನೂ ಕೊಡಬೇಡಿರಿ. ಪ್ರಕಟಿಸುವ ಫಂಡಿಗೆ ಕೈತುಂಬ ಕೊಡಿರಿ. ಯಾರಿಗೆ ಕೊಟ್ಟರೂ ಪಾವತಿ ಕೇಳಲು ನಾಚಬೇಡಿರಿ.