ಕಟ್ಟಿದ ಸಾಲಕ್ಕೂ ಸುಸ್ತಿದಾರ: ಸಿಬಿಲ್ ತಪ್ಪನ್ನು ತಿದ್ದುವವರು ಯಾರು?

ಬೆಳಗಾವಿ: ಸಾಲ ಕೇಳಲು ಹೋದವರಿಗೆ ಬ್ಯಾಂಕಿನ ಮೇಜಿನ ಆಚೆಯಿಂದ ಬರುವ ಒಂದು ಮಾತು ಈ ಭಾಗದ ಆಡುನುಡಿಯಲ್ಲೇ ಸೇರಿಹೋಗಿದೆ: 'ನಿಮ್ಮ ಸಿಬಿಲ್ ಕೆಟ್ಟೈತಿ.' ಉದ್ಯಮಬಾಗದ ಫೌಂಡ್ರಿ ಕಾರ್ಮಿಕನಿಗೂ, ವಡಗಾವಿಯ ನೇಕಾರನಿಗೂ, ಖಾನಾಪುರ ತಾಲ್ಲೂಕಿನ ಭತ್ತದ ರೈತನಿಗೂ ಇದರ ಅರ್ಥ ಒಂದೇ. ಇಲ್ಲಿಗೆ ಮಾತು ಮುಗಿಯಿತು, ಇನ್ನು ಹೊರಡಬಹುದು. ಸಾಲ ಕಟ್ಟದೇ ಉಳಿದವರು ಇದನ್ನು ಕೇಳಬೇಕಾಗಿ ಬಂದರೆ ಅದರಲ್ಲಿ ಅನ್ಯಾಯವಿಲ್ಲ. ಆದರೆ ಕೊನೆಯ ಕಂತಿನವರೆಗೆ ಕಟ್ಟಿ ಮುಗಿಸಿದವರು, ಸಾಲವನ್ನೇ ಪಡೆಯದವರು ಇದೇ ಉತ್ತರ ಕೇಳಿ ಹಿಂದಿರುಗುವುದೂ ಇದೆ. ತಪ್ಪು ದಾಖಲೆಯನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ಸಂಸತ್ತು 2005ರಲ್ಲಿಯೇ ಕೊಟ್ಟಿದೆ. ಆ ಹಕ್ಕು ಖಾನಾಪುರದ ಒಂದು ಬ್ಯಾಂಕ್ ಶಾಖೆಯ ಮೆಟ್ಟಿಲವರೆಗೆ ಎಷ್ಟು ಶಕ್ತಿಯೊಂದಿಗೆ ತಲುಪುತ್ತದೆ ಎಂಬುದು ಪ್ರಶ್ನೆ.

ಸಿಬಿಲ್ ಎಂಬುದು ಒಂದು ಕಂಪನಿಯ ಹೆಸರು. 2000ನೇ ಇಸವಿಯಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್ ಎನಿಸಿಕೊಂಡಿದೆ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ಇನ್ನೂ ಮೂರು ಕಂಪನಿಗಳು ಇದೇ ಕೆಲಸ ಮಾಡುತ್ತವೆ. ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ಕಳುಹಿಸುವ ಸಾಲಗಾರರ ವಿವರಗಳನ್ನು ಒಟ್ಟುಗೂಡಿಸಿ, 300ರಿಂದ 900ರ ನಡುವಿನ ಒಂದು ಅಂಕವನ್ನು ಇವು ಕೊಡುತ್ತವೆ. ಹಿಂದೆ ತಿಂಗಳಿಗೊಮ್ಮೆ ಹೋಗುತ್ತಿದ್ದ ಈ ವಿವರಗಳು 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಬಿಗಿಗೊಳಿಸಿತು. ಒಂದು ಕಂಪನಿಯಲ್ಲಿ ತಪ್ಪು ಸರಿಯಾದರೂ ಉಳಿದ ಮೂರರಲ್ಲಿ ಹಾಗೆಯೇ ಇರಬಹುದು. ಬ್ಯಾಂಕು ಯಾವ ಕಂಪನಿಯ ವರದಿ ನೋಡುತ್ತದೆಂಬುದು ಅರ್ಜಿದಾರನಿಗೆ ಗೊತ್ತಿರುವುದಿಲ್ಲ.

ಈ ಭಾಗದ ರೈತನಿಗೆ ಇದನ್ನು ತಿಳಿಸಲು ಉತಾರಕ್ಕಿಂತ ಒಳ್ಳೆಯ ಹೋಲಿಕೆ ಸಿಗದು. ಬೆಳೆಸಾಲ ಪಡೆದಾಗ ಹೊಲದ ಉತಾರದ 11ನೇ ಕಲಂನಲ್ಲಿ ಬೋಜಾ ಏರುತ್ತದೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಬೇಬಾಕಿ ಪತ್ರ ತಂದು, ಅರ್ಜಿ ಕೊಟ್ಟು, ಬೋಜಾ ಇಳಿಸಿಕೊಳ್ಳಬೇಕೆಂಬುದು ಓದು ಬಾರದ ರೈತನಿಗೂ ಗೊತ್ತು. ಕ್ರೆಡಿಟ್ ವರದಿ ಎಂಬುದು ವ್ಯಕ್ತಿಯ ಮೇಲೆಯೇ ಇರುವ ಎರಡನೆಯ ಉತಾರ. ವ್ಯತ್ಯಾಸವೆಂದರೆ, ಅದನ್ನು ಅವನು ಎಂದೂ ಕಂಡಿಲ್ಲ.

ಕಾಣುವುದಕ್ಕೆ ಅವಕಾಶವಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2016ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶ 2017ರ ಜನವರಿಯಿಂದ ಜಾರಿಗೆ ಬಂದಿದೆ. ನಾಲ್ಕು ಕಂಪನಿಗಳಿಂದ ಒಂದೊಂದರಂತೆ ವರ್ಷಕ್ಕೆ ನಾಲ್ಕು ವರದಿ ಪಡೆಯಬಹುದು. ಆದರೆ ಅದು ಬರುವುದು ಇಂಗ್ಲಿಷಿನಲ್ಲಿ. 'ಡಿಪಿಡಿ' ಎಂಬ ಕಲಂ ಕಂತು ಎಷ್ಟು ದಿನ ತಡವಾಯಿತೆಂಬುದನ್ನು ಹೇಳುತ್ತದೆ. 'ರಿಟನ್ ಆಫ್' ಎಂದರೆ ಬ್ಯಾಂಕು ವಸೂಲಿಯ ಆಸೆ ಬಿಟ್ಟು ಲೆಕ್ಕದಿಂದ ತೆಗೆದ ಸಾಲ. 'ಸೆಟಲ್ಡ್' ಎಂಬುದನ್ನು ಕಂಡು ಸಾಲ ತೀರಿತೆಂದು ಸಮಾಧಾನಪಡುವವರು ಅನೇಕ. ವಾಸ್ತವವಾಗಿ ಅದು ಪೂರ್ಣ ಬಾಕಿಗಿಂತ ಕಡಿಮೆ ಕಟ್ಟಿ ರಾಜಿಯಾದ ಗುರುತು. ಮುಂದಿನ ಸಾಲಕ್ಕೆ ಅಡ್ಡಿಯಾಗುವಂಥದು. ರಾಜಿ ನಿಜವಾಗಿಯೂ ಆಗಿದ್ದರೆ ಅದು ತಪ್ಪು ದಾಖಲೆಯಲ್ಲ, ತಕರಾರಿಗೆ ಅಲ್ಲಿ ಎಡೆಯಿಲ್ಲ.

ಈ ವರದಿಗಾರನೂ ತನ್ನ ವರದಿಯನ್ನು ತರಿಸಿ ನೋಡಿದ್ದುಂಟು. ವರ್ಷಗಳ ಹಿಂದೆ ಕಂತಿನಲ್ಲಿ ಕೊಂಡ ರೆಫ್ರಿಜರೇಟರಿನ ಕೊನೆಯ ಕಂತು ಅಲ್ಲಿ ಇನ್ನೂ ಬಾಕಿಯಿತ್ತು. ಹಣ ಸಂದಾಯವಾದ ರಸೀದಿ ಮನೆಯಲ್ಲಿದ್ದುದು ಅದೃಷ್ಟ. ಮೊದಲು ದೂರವಾಣಿಯಲ್ಲಿ ಹೇಳಿದ್ದಾಯಿತು, 'ನೋಡುತ್ತೇವೆ ಸರ್' ಎಂಬ ಉತ್ತರವೂ ಬಂದಿತು. ಎರಡು ತಿಂಗಳ ಬಳಿಕ ಲಿಖಿತ ದೂರು ಕೊಟ್ಟಾಗಲಷ್ಟೇ ಕೆಲಸ ನಡೆಯಿತು. ಆ ಎರಡು ತಿಂಗಳು ಯಾವ ಲೆಕ್ಕಕ್ಕೂ ಬರಲಿಲ್ಲ, ಏಕೆಂದರೆ ಆ ಮಾತಿಗೆ ದೂರಿನ ಸಂಖ್ಯೆಯೂ ಇರಲಿಲ್ಲ, ದಿನಾಂಕವೂ ಇರಲಿಲ್ಲ.

ದಿನಾಂಕದ ಮಹತ್ವ ಇರುವುದು ಇಲ್ಲಿಯೇ. 2023ರ ಅಕ್ಟೋಬರ್ 26ರಂದು ರಿಸರ್ವ್ ಬ್ಯಾಂಕ್ ಹೊರಡಿಸಿ, ಆರು ತಿಂಗಳ ನಂತರ ಜಾರಿಗೆ ತಂದ ವ್ಯವಸ್ಥೆಯಂತೆ, ದೂರು ದಾಖಲಾದ 30 ದಿನಗಳೊಳಗೆ ತಪ್ಪು ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಈ 30 ದಿನಗಳಲ್ಲಿ ಬ್ಯಾಂಕಿಗೆ 21 ದಿನ. ಅಷ್ಟರಲ್ಲಿ ಅದು ತಿದ್ದಿದ ವಿವರ ಕಳುಹಿಸದಿದ್ದರೆ ಪರಿಹಾರದ ಹೊಣೆ ಬ್ಯಾಂಕಿನದು. ಕಳುಹಿಸಿದ ಮೇಲೂ ಕ್ರೆಡಿಟ್ ಕಂಪನಿ ತಡ ಮಾಡಿದರೆ ಹೊಣೆ ಅದರದು. ದೂರು 50ನೇ ದಿನ ಇತ್ಯರ್ಥವಾದರೆ ದೂರುದಾರನಿಗೆ ಸಲ್ಲುವುದು 2,000 ರೂಪಾಯಿ, ಅದೂ ಇತ್ಯರ್ಥವಾದ ಐದು ಕೆಲಸದ ದಿನಗಳೊಳಗೆ. ಇದಕ್ಕೂ ಕೆಲವೇ ತಿಂಗಳ ಮೊದಲು, 2023ರ ಜೂನ್‌ನಲ್ಲಿ, ಇದೇ ನಾಲ್ಕು ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ಒಟ್ಟು ಒಂದು ಕೋಟಿ ರೂಪಾಯಿಗೂ ಮಿಗಿಲಾದ ದಂಡ ವಿಧಿಸಿತ್ತು.

ದಿನಕ್ಕೆ 100 ರೂಪಾಯಿ ಹೆಚ್ಚೋ ಕಡಿಮೆಯೋ? 2025–26ನೇ ಸಾಲಿಗೆ ರಾಜ್ಯದಲ್ಲಿ ನಿಗದಿಯಾಗಿದ್ದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಖಾನಾಪುರದಿಂದ ಬೆಳಗಾವಿಗೆ ಒಂದು ದಿನ ಓಡಾಡಿದರೆ ಆ ಕೂಲಿ ಹೋಯಿತು. ಮೊತ್ತ ಸಣ್ಣದಾದರೂ ಪ್ರತಿ ತಪ್ಪಿಗೆ ದರವೊಂದನ್ನು ಗೊತ್ತುಮಾಡಿದ್ದು ಒಳ್ಳೆಯದೇ. ತೊಡಕು ಮೊತ್ತದಲ್ಲಿಲ್ಲ, ಮೂಲ ಕಾಯ್ದೆಯಲ್ಲಿದೆ.

2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ 21ನೇ ಕಲಂ ತಿದ್ದುಪಡಿ ಕೋರುವ ಹಕ್ಕನ್ನು ನೀಡಿ, 30 ದಿನಗಳ ಗಡುವನ್ನೂ ವಿಧಿಸುತ್ತದೆ. ಅದರ ಬೆನ್ನಿಗೇ ಎರಡು ಷರತ್ತುಗಳಿವೆ. ಸಾಲ ಕೊಟ್ಟ ಸಂಸ್ಥೆ 'ಈ ತಿದ್ದುಪಡಿ ಸರಿ' ಎಂದು ದೃಢೀಕರಿಸಿದ ಮೇಲಷ್ಟೇ ಕ್ರೆಡಿಟ್ ಕಂಪನಿ ದಾಖಲೆಯನ್ನು ಬದಲಿಸಬಹುದು. ವಿವಾದ ನ್ಯಾಯಾಲಯದಲ್ಲೋ ನ್ಯಾಯಮಂಡಳಿಯಲ್ಲೋ ಮಧ್ಯಸ್ಥಗಾರರ ಮುಂದೆಯೋ ಇದ್ದರೆ, ಅದು ಅಂತಿಮವಾಗಿ ಮುಗಿಯುವವರೆಗೆ ಸಂಸ್ಥೆಯ ಪುಸ್ತಕದಲ್ಲಿರುವುದೇ ಲೆಕ್ಕಕ್ಕೆ. ಅಂದರೆ ಯಾರ ಲೆಕ್ಕ ತಪ್ಪೆಂದು ದೂರುತ್ತೇವೆಯೋ ಅವರೇ ತೀರ್ಪುಗಾರರು. ಲಕ್ಷಾಂತರ ಖಾತೆಗಳ ವ್ಯವಹಾರದಲ್ಲಿ ಕ್ರೆಡಿಟ್ ಕಂಪನಿ ಪ್ರತಿ ರಸೀದಿಯನ್ನೂ ಪರೀಕ್ಷಿಸಲಾರದು ಎಂಬ ವಾದ ಒಪ್ಪಬಹುದಾದದ್ದೇ. ಆದರೆ ವಿಚಾರಣೆ ನಡೆಯುವಷ್ಟು ಕಾಲವೂ ಸುಸ್ತಿದಾರನೆಂಬ ಹಣೆಪಟ್ಟಿ ಉಳಿಯಬೇಕೆಂಬುದನ್ನು ಒಪ್ಪುವುದು ಕಷ್ಟ.

ಈ ಷರತ್ತು ಎಲ್ಲಿಯವರೆಗೆ ಚಾಚುತ್ತದೆಂಬುದಕ್ಕೆ ಬೆಳಗಾವಿಯಲ್ಲಿಯೇ ನಿದರ್ಶನವಿದೆ. 2025ರ ಆರಂಭದಲ್ಲಿ ಸುತ್ತಲಿನ ಹಳ್ಳಿಗಳ ಮಹಿಳೆಯರು ಬೀದಿಗಿಳಿದಿದ್ದರು. ಸಬ್ಸಿಡಿಯ ಆಸೆ ತೋರಿಸಿ ತಮ್ಮ ಹೆಸರಿನಲ್ಲಿ ಮೈಕ್ರೋ ಫೈನಾನ್ಸ್ ಸಾಲ ಎತ್ತಿಸಲಾಯಿತು, ಹಣ ಬೇರೆಯವರ ಕೈಸೇರಿತು, ಕಂತು ಮಾತ್ರ ತಮ್ಮ ತಲೆಗೆ ಬಂದಿತು ಎಂಬುದು ಅವರ ಅಳಲು. ಅದೇ ಫೆಬ್ರವರಿ 12ರಂದು ಕಿರುಸಾಲ ವಸೂಲಿಯ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಜಾರಿಗೆ ಬಂದಿತು. ಬಲವಂತದ ವಸೂಲಿಗೆ ಅದು ಹತ್ತು ವರ್ಷಗಳವರೆಗಿನ ಸೆರೆವಾಸದ ಭಯ ಹುಟ್ಟಿಸಿತು. ಆದರೆ ಮನೆ ಬಾಗಿಲಿಗೆ ಬರುವ ವಸೂಲಿಗಾರನನ್ನು ತಡೆಯುವ ಕಾನೂನು ಕ್ರೆಡಿಟ್ ವರದಿಯ ಸಾಲನ್ನು ಅಳಿಸುವುದಿಲ್ಲ. ಆಧಾರ್ ಆ ಮಹಿಳೆಯದೇ, ಸಹಿಯೂ ಅವಳದೇ, ಹಣ ಜಮೆಯಾದದ್ದೂ ಅವಳ ಖಾತೆಗೇ. ಸಂಸ್ಥೆಯ ಪುಸ್ತಕದ ಪ್ರಕಾರ ತಪ್ಪೆಂಬುದೇ ಇಲ್ಲ. 'ದಾಖಲೆ ಸರಿಯಿದೆ' ಎಂದು ಅದು 21 ದಿನಗಳೊಳಗೆ ಉತ್ತರ ಬರೆದರೆ ನೂರು ರೂಪಾಯಿಯ ಪ್ರಶ್ನೆಯೂ ಏಳದು. ವಂಚನೆಯ ಪ್ರಕರಣ ಮುಗಿಯುವವರೆಗೆ ಆಕೆ ಸುಸ್ತಿದಾರಳೇ.

ಸಾಲ ಮನ್ನಾದ ಕತೆ ಬೇರೆ. 2018ರ ಜುಲೈ 5ರ ಬಜೆಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ 2 ಲಕ್ಷ ರೂಪಾಯಿವರೆಗಿನ ಬೆಳೆಸಾಲ ಮನ್ನಾ ಘೋಷಿಸಿದರು. ವಿಧಾನಸೌಧದಲ್ಲಿ ಘೋಷಣೆಯಾದ ದಿನವೂ ರೈತನ ಖಾತೆಗೆ ಸರ್ಕಾರದ ಹಣ ಜಮೆಯಾದ ದಿನವೂ ಒಂದೇ ಅಲ್ಲ. ನಡುವಿನ ತಿಂಗಳುಗಳಲ್ಲಿ ಬ್ಯಾಂಕಿನ ಲೆಕ್ಕ ಓಡುತ್ತಲೇ ಇರುತ್ತದೆ. ಘೋಷಣೆಯನ್ನು ನಂಬಿ ಕಟ್ಟುವುದನ್ನು ನಿಲ್ಲಿಸಿದವನ ವರದಿಯಲ್ಲಿ ತಡವಾದ ದಿನಗಳು ಏರುತ್ತಲೇ ಹೋಗುತ್ತವೆ. ಸರ್ಕಾರದ ಮಾತು ಬೇಬಾಕಿ ಪತ್ರವಲ್ಲ.

ಖಾನಾಪುರದವರು ಗಮನಿಸಬೇಕಾದ ಇನ್ನೊಂದು ಸಂಗತಿ ವಿಳಾಸ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿಯೂ ಖಾನಾಪುರ ತಾಲ್ಲೂಕು ಇದೆ. ಪಾಟೀಲ, ದೇಸಾಯಿ ಮನೆತನಗಳು ಗಡಿಯ ಎರಡೂ ಬದಿಗೆ ಇವೆ. ಹೆಸರು, ತಂದೆಯ ಹೆಸರು, ಊರು ಮೂರೂ ಕೂಡಿಬಂದಾಗ ಬೇರೆ ಮಾಡಿ ತೋರಿಸುವುದು ಪ್ಯಾನ್ ಸಂಖ್ಯೆ, ಜನ್ಮದಿನಾಂಕ ಮತ್ತು 591302 ಎಂಬ ಪಿನ್ ಕೋಡ್ ಮಾತ್ರ. ವರದಿಯಲ್ಲಿ ಮೊದಲು ಓದಬೇಕಾದದ್ದು ಅಂಕವನ್ನಲ್ಲ, ಈ ಮೂರನ್ನು. ಯಾರಿಗೋ ಜಾಮೀನು ನಿಂತಿದ್ದರೆ ಆ ಸಾಲವೂ ಇಲ್ಲಿ ಕಾಣುತ್ತದೆ. ಅದನ್ನು ತಪ್ಪೆಂದು ತಿಳಿಯಬಾರದು.

ಬ್ಯಾಂಕಿನ ಹೆಸರೂ ಗೊಂದಲಕ್ಕೆ ಎಡೆಮಾಡುತ್ತದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಹಳೆಯ ಸಾಲದ ಮೇಲಿನ ತಕರಾರನ್ನು ಉತ್ತರಾಧಿಕಾರಿ ಬ್ಯಾಂಕಿಗೆ ಕೊಡಬೇಕು. 'ಅದು ಹಳೇ ಬ್ಯಾಂಕಿನ ಕಾಲದ್ದು' ಎಂಬ ಉತ್ತರ ಸಲ್ಲದು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಸಾಲಕ್ಕಾಗಿ ಮಾತ್ರವೂ ಅಲ್ಲ. ಪ್ರತಿಕೂಲ ಸಿಬಿಲ್ ವರದಿಯ ಕಾರಣಕ್ಕೆ ಅಭ್ಯರ್ಥಿಯೊಬ್ಬರ ನೇಮಕಾತಿಯನ್ನು ಸ್ಟೇಟ್ ಬ್ಯಾಂಕ್ ರದ್ದುಪಡಿಸಿದ್ದನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಬೆಳಗಾವಿಯ ತರುಣರಿಗೆ ಇದು ದೂರದ ಸುದ್ದಿಯಲ್ಲ.

ತಕರಾರು ಎಲ್ಲಿಗೆ ಒಯ್ಯಬೇಕು? ಮೊದಲು ಬ್ಯಾಂಕಿಗೆ ಮತ್ತು ಕ್ರೆಡಿಟ್ ಕಂಪನಿಗೆ, ಎರಡಕ್ಕೂ ಲಿಖಿತವಾಗಿ, ರಸೀದಿ ಹಾಗೂ ಬೇಬಾಕಿ ಪತ್ರದ ಪ್ರತಿಯೊಂದಿಗೆ. ತಿದ್ದುಪಡಿಯನ್ನು ನಿರಾಕರಿಸಿದರೆ ಕಾರಣವನ್ನು ತಿಳಿಸಲೇಬೇಕೆಂಬ ನಿಯಮವೂ ಇದೆ, ಅದನ್ನು ಕೇಳಿ ಪಡೆಯಬೇಕು. 30 ದಿನಗಳಲ್ಲಿ ಫಲ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಕ್ರೆಡಿಟ್ ಕಂಪನಿಗಳೂ 2022ರ ಸೆಪ್ಟೆಂಬರ್ 1ರಿಂದ ಈ ವ್ಯಾಪ್ತಿಗೆ ಬಂದಿವೆ, ಶುಲ್ಕವಿಲ್ಲ. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಕಾಯ್ದೆಯಡಿ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಎದುರಾಳಿಯ ಕಚೇರಿ ಮುಂಬೈಯಲ್ಲಿದ್ದರೂ ಹಾಜರಾಗಬೇಕಾದದ್ದು ಬೆಳಗಾವಿಯಲ್ಲಿ. 2018ರ ನವೆಂಬರ್‌ನಲ್ಲಿ ಇದೇ ಜಿಲ್ಲೆಯ ರೈತರಿಗೆ ಆಕ್ಸಿಸ್ ಬ್ಯಾಂಕಿನ ಸಾಲದ ಪ್ರಕರಣಗಳಲ್ಲಿ ಕೋಲ್ಕತ್ತದ ನ್ಯಾಯಾಲಯದಿಂದ ವಾರಂಟ್ ಬಂದಿದ್ದನ್ನು ನೆನೆದರೆ ಈ ಅನುಕೂಲದ ಬೆಲೆ ತಿಳಿಯುತ್ತದೆ. ಅಂದು ಮುಖ್ಯಮಂತ್ರಿಯೇ ಮಧ್ಯಪ್ರವೇಶಿಸಬೇಕಾಯಿತು.

ಉಳಿದದ್ದು ಜಿಲ್ಲಾಡಳಿತ ಮಾಡಬಹುದಾದ ಕೆಲಸ. ಲೀಡ್ ಬ್ಯಾಂಕ್ ಯೋಜನೆಯಡಿ ಮೂರು ತಿಂಗಳಿಗೊಮ್ಮೆ ಬ್ಯಾಂಕರುಗಳ ಜಿಲ್ಲಾ ಮಟ್ಟದ ಸಭೆ ನಡೆಯುತ್ತದೆ. ಎಷ್ಟು ಸಾಲ ವಿತರಣೆಯಾಯಿತು, ಎಷ್ಟು ವಸೂಲಾಯಿತು ಎಂಬ ಅಂಕಿಗಳನ್ನು ಅಲ್ಲಿ ಓದಲಾಗುತ್ತದೆ. ಯಾವ ಶಾಖೆಗೆ ಎಷ್ಟು ಸಿಬಿಲ್ ತಕರಾರು ಬಂದವು, 21 ದಿನಗಳೊಳಗೆ ಎಷ್ಟಕ್ಕೆ ಉತ್ತರ ಹೋಯಿತು, ನೂರು ರೂಪಾಯಿಯ ಪರಿಹಾರ ಎಷ್ಟು ಜನರಿಗೆ ಸಂದಿತು ಎಂಬ ಇನ್ನೊಂದು ಪುಟವನ್ನು ಅದೇ ಸಭೆಯಲ್ಲಿ ಕೇಳಿ ಪಡೆಯಲು ಹೊಸ ಕಾನೂನೇನೂ ಬೇಕಿಲ್ಲ.