ಓಣಿ ಒಡೆದು ಮನೆ ಹಂಚಬೇಡಿ

ಭೀಮೆಯ ದಂಡೆಗೆ ಇಂಡಿ, ಸಿಂದಗಿ. ಕೃಷ್ಣೆಯ ದಂಡೆಗೆ ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ಸೀಮೆಯಲ್ಲಿ ನೀರಿಗೆ ಮನೆ ಕಳೆದುಕೊಂಡವರು ಬಹಳ. ಕೆಲವರನ್ನು ನಾರಾಯಣಪುರ, ಆಲಮಟ್ಟಿ ಜಲಾಶಯಗಳ ಹಿನ್ನೀರು ಎಬ್ಬಿಸಿತು, ಇನ್ನು ಕೆಲವರನ್ನು 2009ರ ಪ್ರವಾಹ. ಇಂಥವರಿಗೆ ಪುನರ್ವಸತಿ ಕೇಂದ್ರದಲ್ಲಾಗಲಿ ‘ಆಸರೆ’ಯಂಥ ವಸತಿ ಯೋಜನೆಯಲ್ಲಾಗಲಿ ಮನೆ ಕೊಡುವಾಗ ಅಕ್ಕಪಕ್ಕದವರನ್ನು ಕೂಡಿಯೇ ಇಡಬೇಕು ಎಂಬುದು ನನ್ನ ವಾದ. ಅದಕ್ಕೆ ಬಂದಿರುವ ಆಕ್ಷೇಪಗಳಿಗೆ ಇದು ಉತ್ತರ.

‘ಪಕ್ಕಾ ಮನೆ ಕಟ್ಟಿಕೊಟ್ಟರೂ ಬೀಗ ಹಾಕಿ ಹಳೇ ಊರಿಗೆ ಹೋಗುತ್ತಾರೆ. ಇದು ಸೊಕ್ಕು.’

ಸೊಕ್ಕಲ್ಲ, ಬದುಕಿನ ಲೆಕ್ಕ. ಹೊಲ ದೂರವಾಯಿತು, ದನ ಕಟ್ಟಲು, ಬಣವಿ ಒಟ್ಟಲು ಜಾಗವಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ತಾಲೂಕುಗಳಿಂದ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವವರು ಮುದುಕರನ್ನೂ ಶಾಲೆಯ ಮಕ್ಕಳನ್ನೂ ಬಾಜೂ ಮನೆಯವರ ಭರವಸೆಯ ಮೇಲೆ ಬಿಟ್ಟು ಹೋಗುತ್ತಾರೆ. ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವವರು, ರೇಷನ್ ತಂದುಕೊಡುವವರು, ಬಡ್ಡಿಯಿಲ್ಲದೆ ಕೈಗಡ ಕೊಡುವವರು ಅವರೇ. ಆ ಮಂದಿಯೇ ಇಲ್ಲದ ಕಡೆ ಕಾಂಕ್ರೀಟ್ ಗೋಡೆ ಏನು ಮಾಡೀತು?

‘ಚೀಟಿ ಎತ್ತಿ ಮನೆ ಹಂಚಿದರೆ ಜಾತಿಯ ಓಣಿ ಒಡೆಯುತ್ತದೆ. ಬಸವಣ್ಣ ಹುಟ್ಟಿದ ನೆಲದಲ್ಲಿ ಕೇರಿಗಳನ್ನು ಹಾಗೇ ಎತ್ತಿ ಇಡಬೇಕೆ?’

ಇದು ಗಟ್ಟಿ ಆಕ್ಷೇಪ. ಊರ ಹೊರಗೆ ದಲಿತರ ಕೇರಿ ಎಂಬ ನಕ್ಷೆ ಹೊಸ ಊರಿನಲ್ಲಿ ಮತ್ತೆ ಬರಲೇಬಾರದು. ಆದರೆ ಅದನ್ನು ತಡೆಯುವ ಶಕ್ತಿ ಚೀಟಿಗಿಲ್ಲ. ಗುಡಿ, ಚಹಾದಂಗಡಿ, ನೀರಿನ ನಳಗಳಲ್ಲಿ ಅಸ್ಪೃಶ್ಯತೆ ಹಾಗೇ ಉಳಿದಾಗ, ಸಾಲಿನ ನಡುವೆ ಒಂಟಿಯಾಗಿ ಬಿದ್ದ ದಲಿತ ಕುಟುಂಬಕ್ಕೆ ಸಿಗುವುದು ಸಮಾನತೆಯಲ್ಲ, ಅಂಜಿಕೆ. ಯಾರ ಜೊತೆ ಇರಬೇಕೆಂದು ಕುಟುಂಬಗಳೇ ಗುಂಪು ಕಟ್ಟಿಕೊಂಡು ಹೇಳಲಿ. ಆ ಗುಂಪುಗಳನ್ನು ಊರಿನ ಎಲ್ಲ ಕಡೆ ಬೆರೆಸಿ ಇಡಲಿ. ಯಾವ ಜಾತಿಯೂ ಅಂಚಿಗೆ ಹೋಗದಿರಲಿ. ಅಂಗನವಾಡಿ, ನೀರಿನ ಟಾಕಿ, ರೇಷನ್ ಅಂಗಡಿ ನಟ್ಟನಡುವೆ, ಎಲ್ಲರಿಗೂ ಒಂದೇ ಆಗಿರಲಿ. ಜಾತಿಯ ಗೋಡೆ ಕೆಡವಲು ಬಡವರ ಆಸರೆಯನ್ನು ಕೆಡವಬೇಕಾಗಿಲ್ಲ.

‘ಮನೆ ಕೊಡುವುದು ಸರ್ಕಾರದ ಕೆಲಸ. ಸಂಬಂಧ ಬೆಸೆಯುವುದಲ್ಲ.’

ಕಾನೂನು ಹಾಗೆ ಹೇಳುವುದಿಲ್ಲ. 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಪ್ರತಿ 50 ಕುಟುಂಬಗಳಿಗೆ ಜನ ಕೂಡುವ ಮರದ ಕಟ್ಟೆ, ಪೂಜಾಸ್ಥಳ, ಸಮುದಾಯಗಳ ರೂಢಿಗೆ ತಕ್ಕ ಸ್ಮಶಾನ ಇವೆ. ಪರಿಶಿಷ್ಟ ಪಂಗಡದವರನ್ನು ಸಾಧ್ಯವಾದಷ್ಟು ಒಂದೇ ಕಡೆ ನೆಲೆಗೊಳಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಈ ಕಾಯ್ದೆ ಇರುವುದು ಭೂಸ್ವಾಧೀನಕ್ಕೆ, ಪ್ರವಾಹಕ್ಕಲ್ಲ, ನಿಜ. ಆದರೆ ಅಣೆಕಟ್ಟಿನಿಂದ ಎದ್ದವನಿಗೆ ಬೇಕಾದ ಕಟ್ಟೆ ಪ್ರವಾಹದಿಂದ ಎದ್ದವನಿಗೆ ಬೇಡವೆ?

‘ನಾಲ್ಕು ವರ್ಷ ಕಳೆದರೆ ತಾವೇ ಹೊಂದಿಕೊಳ್ಳುತ್ತಾರೆ.’

ಹರೆಯದವರು ಹೊಂದಿಕೊಂಡಾರು. ಎಪ್ಪತ್ತು ದಾಟಿದ ವಿಧವೆಗೆ ಆ ನಾಲ್ಕು ವರ್ಷ ಎಲ್ಲಿಂದ ತರುವುದು?

ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನಷ್ಟು ಊರುಗಳು ಏಳಬೇಕು. ಭೀಮೆ 2020ರಲ್ಲೂ ಉಕ್ಕಿದಳು, 2025ರಲ್ಲೂ ಉಕ್ಕಿದಳು. ಆದ್ದರಿಂದ ಹಕ್ಕುಪತ್ರ ಬರೆಯುವ ಮೊದಲೇ ಗ್ರಾಮಸಭೆ ಕರೆಯಿರಿ. ‘ನಿಮ್ಮ ಬಾಜೂಕ ಯಾರು ಇರಬೇಕು?’ ಎಂದು ಪ್ರತಿ ಕುಟುಂಬವನ್ನೂ, ಅದರ ಹೆಂಗಸರನ್ನೂ ಕೇಳಿ, ಬರೆದುಕೊಂಡು, ಆಮೇಲೆ ನಕ್ಷೆ ಹಾಕಿರಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ; ಕೇಳುವ ಮನಸ್ಸು ಬೇಕು.