ಕಿವಿಗೆ ಎಣ್ಣೆ ಬಿಡುವ ಮುನ್ನ

ಒಲೆಯ ಮುಂದೆ ನಿಂತಿರುವಾಗ ಕಿವಿ ತುರಿಸುತ್ತದೆ. ಕೈಗೆ ಮೊದಲು ಸಿಗುವುದು ತಲೆವಸ್ತ್ರದ ಪಿನ್ನು. ಕೆರೆದರೆ ಹಿತವೆನಿಸುತ್ತದೆ. ರಾತ್ರಿ ಮತ್ತೆ ತುರಿಕೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ನಾಲ್ಕು ಹನಿ ಬಿಡುವಂತೆ ಮನೆಯ ಹಿರಿಯರು ಹೇಳುತ್ತಾರೆ. ಸಹೋದರಿಯರೇ, ಕಿವಿಯ ಬೂಷ್ಟು ರೋಗ ಎಷ್ಟೋ ಮನೆಗಳಲ್ಲಿ ಬೇರೂರುವುದು ಹೀಗೆಯೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಓದುಗರಿಗೆ ಈ ಬೂಷ್ಟು ಅಪರಿಚಿತವಲ್ಲ. ಉಳ್ಳಾಗಡ್ಡಿ ಸುಲಿಯುವಾಗ ಸಿಪ್ಪೆಯಡಿಯ ಕಪ್ಪು ಪುಡಿ ಕೈಗೆ ಅಂಟುತ್ತದಲ್ಲವೇ? ಅದು ಆಸ್ಪರ್ಜಿಲ್ಲಸ್ ನೈಗರ್ ಎಂಬ ಶಿಲೀಂಧ್ರ. ಶೇಂಗಾ ಸಸಿಯ ಬುಡ ಕೊಳೆಸುವುದೂ ಅದೇ. (ಉಳ್ಳಾಗಡ್ಡಿ ತಿಂದರೆ ಕಿವಿರೋಗ ಬರುತ್ತದೆಂದು ಹೆದರಬೇಡಿ!) ಮಣ್ಣಿನಲ್ಲಿ, ಒಕ್ಕಣೆಯ ಧೂಳಿನಲ್ಲಿ ಅದರ ಕಣಗಳಿರುತ್ತವೆ. ಅವು ಎಲ್ಲರ ಕಿವಿಗೂ ಹೋಗಬಹುದು, ಆದರೆ ಎಲ್ಲರ ಕಿವಿಯಲ್ಲೂ ಬೆಳೆಯುವುದಿಲ್ಲ. ನಾವು ಕೊಳೆಯೆಂದು ಕೆರೆದು ತೆಗೆಯುವ ಗುಗ್ಗೆಯೇ ಅಲ್ಲಿ ಕಾವಲುಗಾರ. ಅದರ ಹುಳಿ ಗುಣ, ಜಿಡ್ಡು ರೋಗಾಣುಗಳನ್ನು ತಡೆಯುತ್ತವೆ. ಪಿನ್ನು, ಬೆಂಕಿಕಡ್ಡಿ, ಬಡ್ಸ್ ಅದನ್ನು ತೆಗೆದು ಚರ್ಮವನ್ನೂ ಗೀರುತ್ತವೆ. ಮೇಲೆ ಎಣ್ಣೆಯ ಪಸೆ, ಒದ್ದೆ ಕೂದಲಿಗೆ ಬಿಗಿದ ವಸ್ತ್ರದ ಬೆಚ್ಚನೆಯ ತೇವ. ಬೂಷ್ಟಿಗೆ ಇನ್ನೇನು ಬೇಕು?

ಕಿವಿ ಕಟ್ಟಿದಂತಾಗುತ್ತದೆ, ಕೇಳಿಸುವುದು ಮಂದವಾಗುತ್ತದೆ. ವೈದ್ಯರು ನೋಡಿದರೆ ಒಳಗೆ ನೆನೆದ ಕಾಗದದಂತಹ ಪದರ, ಅದರ ಮೇಲೆ ಕಪ್ಪು ಚುಕ್ಕಿಗಳು. ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರವಾದರೆ ಬಿಳಿ ಕೆನೆಯಂತಿರುತ್ತದೆ. ಕೆರೆದ ಗಾಯಕ್ಕೆ ಬ್ಯಾಕ್ಟೀರಿಯಾವೂ ಸೇರಿಕೊಂಡರೆ ನೋವು, ಕೀವು. ಈ ಮಿಶ್ರ ಸೋಂಕೇ ಮೋಸ ಮಾಡುವುದು. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ಹನಿ ತರಿಸುತ್ತೇವೆ. ಬ್ಯಾಕ್ಟೀರಿಯಾ ಸತ್ತು ನೋವು ಇಳಿಯುತ್ತದೆ. ಬೂಷ್ಟಿಗೆ ಆ ಔಷಧಿ ತಾಗುವುದೇ ಇಲ್ಲ. ಎದುರಾಳಿ ಇಲ್ಲದ ಜಾಗದಲ್ಲಿ ಅದು ಇನ್ನಷ್ಟು ಹಬ್ಬುತ್ತದೆ. ವಾರ ಕಳೆದು ತುರಿಕೆ ಮರಳಿದಾಗ ನಾವು ಹುಡುಕುವುದು ಮತ್ತೆ ಅದೇ ಬಾಟಲಿಯನ್ನು.

ಇದಕ್ಕೆ ಮುಖ್ಯ ಚಿಕಿತ್ಸೆ, ಇ.ಎನ್.ಟಿ. ವೈದ್ಯರು ಕಿವಿಯೊಳಗಿನ ಬೂಷ್ಟನ್ನು ತೆಗೆದು ಶುಚಿಗೊಳಿಸುವುದು. ಬಳಿಕ ಕ್ಲೋಟ್ರಿಮಜೋಲ್‌ನಂತಹ ಹನಿಯನ್ನು ಸಾಮಾನ್ಯವಾಗಿ 2-3 ವಾರ ಹಾಕಬೇಕು. ತುರಿಕೆ ನಿಂತಿತೆಂದು ನಡುವೆ ಬಿಡಬೇಡಿ. ಕಿವಿಯ ತಮಟೆಯಲ್ಲಿ ತೂತಿದ್ದರೆ ಕೆಲವು ಹನಿಗಳು ಒಳಗಿವಿಗೆ ಹಾನಿ ಮಾಡುತ್ತವೆ; ಆದ್ದರಿಂದ ನೆರೆಯವರ ಬಾಟಲಿ ಬೇಡವೇ ಬೇಡ. ಗುಣವಾಗುವ ತನಕ ಸ್ನಾನದ ವೇಳೆ ವ್ಯಾಸಲಿನ್ ಸವರಿದ ಹತ್ತಿ ಇಟ್ಟುಕೊಂಡು, ನಂತರ ತೆಗೆದುಬಿಡಿ. ಕೂದಲು ಒಣಗಿದ ಮೇಲೆಯೇ ವಸ್ತ್ರ ಧರಿಸಿ. ವುಝೂವಿನಲ್ಲಿ ಕಿವಿಯನ್ನು ಒದ್ದೆ ಬೆರಳಿನಿಂದ ಸವರುವುದಷ್ಟೇ. ಒಳಗೆ ನೀರು ಹಾಕಬೇಕಾಗಿಲ್ಲ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದಾರೆಯೇ? ಅವರ ಕಿವಿನೋವನ್ನು ಎಣ್ಣೆಯಿಂದ ಸಮಾಧಾನಪಡಿಸಬೇಡಿ. ಸೋಂಕು ತಲೆಬುರುಡೆಯ ಮೂಳೆಗೆ ಇಳಿದು ಪ್ರಾಣಕ್ಕೇ ಸಂಚಕಾರ ತರಬಹುದು. ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಮುಖ ಒಂದು ಕಡೆಗೆ ಸೊಟ್ಟಗಾದರೆ, ಕರೆದೊಯ್ಯಲು ಗಂಡಸರಿಗೆ ಬಿಡುವಾಗಲಿ ಎಂದು ಕಾಯದೆ ಅದೇ ದಿನ ತಾಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಇ.ಎನ್.ಟಿ. ವೈದ್ಯರು ಸಿಗದಿದ್ದರೆ ಬಳ್ಳಾರಿಗೋ ದಾವಣಗೆರೆಗೋ ಚೀಟಿ ಬರೆಸಿಕೊಳ್ಳಿ.